ಗಾಳಿ ತುಂಬಿಸಿದರೂ ಆರದ ಹಳದಿ ದೀಪ

ನವೆಂಬರ್ ಕೊನೆಯಲ್ಲಿ ಶುರುವಾದದ್ದು ಜನವರಿವರೆಗೂ ನನ್ನನ್ನು ಕಾಡಿತು. ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಹಳದಿ ದೀಪ. ಕುದುರೆ ಲಾಳದಂಥ ಆಕಾರ, ಅಡಿಯಲ್ಲಿ ಹಲ್ಲುಹಲ್ಲು ಅಂಚು, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ನಮ್ಮ ಮನೆಯಲ್ಲಿ ಅದಕ್ಕೆ ‘ಬಾಣಲೆ ದೀಪ’ ಎಂದೇ ಹೆಸರು. ನಿಜವಾಗಿ ಅದು ಟೈರನ್ನು ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಚಿತ್ರ. ಟೈರಿನಲ್ಲಿ ಗಾಳಿ ಕಡಿಮೆ ಇದೆ ಎಂದು ಹೇಳುವ ದೀಪ.

ಬಂಕ್‌ಗೆ ಹೋಗಿ ಗಾಳಿ ತುಂಬಿಸಿದೆ. ದೀಪ ಆರಿತು. ಎಂಟು ದಿನ ಕಳೆದ ಮೇಲೆ ಬೆಳಿಗ್ಗೆ ಗಾಡಿ ತೆಗೆದರೆ ಮತ್ತೆ ಹಾಜರ್. ಮತ್ತೆ ಗಾಳಿ, ಮತ್ತೆ ಎಂಟು ದಿನ, ಮತ್ತೆ ದೀಪ. ಪಂಕ್ಚರ್ ಅಂಗಡಿಯವನು ಚಕ್ರಗಳನ್ನು ಒಂದೊಂದಾಗಿ ಬಿಚ್ಚಿ, ನೀರಿನ ತೊಟ್ಟಿಯಲ್ಲಿ ಒಂದು ಸುತ್ತು ತಿರುಗಿಸಿ, “ಪಂಕ್ಚರ್ ಇಲ್ಲ ಸಾರ್” ಎಂದ. ಸರ್ವಿಸ್ ಸೆಂಟರ್‌ನಲ್ಲಿ, “ಸೆನ್ಸರ್ ಹೋಗಿರಬೇಕು ಸಾರ್, ನಾಲ್ಕೂ ಚೇಂಜ್ ಮಾಡಿಬಿಡೋಣ” ಎಂದರು. ಪಕ್ಕದ ಮನೆಯ ಹಿರಿಯರು ಎಲ್ಲಕ್ಕಿಂತ ಅಗ್ಗದ ಉಪಾಯ ಹೇಳಿದರು: “ದೀಪದ ಮೇಲೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಆರಾಮಾಗಿರಿ.”

ಮೂವರಲ್ಲಿ ಒಬ್ಬರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ದೀಪ ಯಾವಾಗ ಹತ್ತುತ್ತದೆ? ಬೆಳಿಗ್ಗೆಯೋ, ದಾರಿಯಲ್ಲೋ? ಮಿನುಗುತ್ತದೆಯೋ, ಸುಮ್ನೆ ಉರಿಯುತ್ತದೆಯೋ? ಗಾಳಿ ತುಂಬಿಸಿ ಎಷ್ಟು ದಿನಕ್ಕೆ ಮರಳುತ್ತದೆ? ಈ ದೀಪದ ರೋಗ ಹಿಡಿಯುವುದಕ್ಕೆ ಅರ್ಧ ಕೆಲಸ ಇಷ್ಟರಲ್ಲೇ ಮುಗಿಯುತ್ತದೆ. ನನಗೆ ಅದು ಗೊತ್ತಾಗುವ ಹೊತ್ತಿಗೆ ಎರಡು ತಿಂಗಳು ಆಗಿತ್ತು.

ಮೊದಲು ಮಿನುಗುವ ವಿಷಯ. ಗಾಡಿ ಸ್ಟಾರ್ಟ್ ಮಾಡಿದಾಗ ಎಲ್ಲ ದೀಪಗಳೂ ಒಂದೆರಡು ಸೆಕೆಂಡ್ ಹತ್ತಿ ಆರುತ್ತವೆ. ಅದು ಬಲ್ಬ್ ಪರೀಕ್ಷೆ, ಬಿಡಿ. ಅದಾದ ಮೇಲೂ ಟೈರ್ ದೀಪ ಮಿನುಗದೆ ಒಂದೇ ಸಮ ಉರಿಯುತ್ತಿದ್ದರೆ, ಯಾವುದೋ ಟೈರಿನಲ್ಲಿ ಗಾಳಿ ಕಡಿಮೆ ಎಂದು ಅರ್ಥ. ಆದರೆ ಒಂದು, ಒಂದೂವರೆ ನಿಮಿಷ ಮಿಣಮಿಣ ಎಂದು ಮಿನುಗಿ, ಆಮೇಲೆ ನಿಂತು ಉರಿಯಲು ಶುರುವಾದರೆ ಕಥೆಯೇ ಬೇರೆ. ಆಗ ದೂರು ಟೈರಿನದ್ದಲ್ಲ. ‘ನನಗೆ ಟೈರಿನ ಸುದ್ದಿಯೇ ಬರುತ್ತಿಲ್ಲ’ ಎಂದು ಈ ವ್ಯವಸ್ಥೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಿದೆ. ಮಿನುಗುವ ದೀಪಕ್ಕೆ ಎಷ್ಟು ಗಾಳಿ ಹೊಡೆಸಿದರೂ ಪ್ರಯೋಜನ ಇಲ್ಲ. ಉರಿಯುವ ದೀಪಕ್ಕೆ ಸೆನ್ಸರ್ ಬದಲಾಯಿಸಿಯೂ ಪ್ರಯೋಜನ ಇಲ್ಲ. ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಹೊರಟುಬಿಡುವ ನಮಗೆ ಆ ಒಂದು ನಿಮಿಷ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಒಂದು ಬೆಳಿಗ್ಗೆ ಕೂತು ನೋಡಿ.

ನನ್ನ ದೀಪ ಮಿನುಗುತ್ತಿರಲಿಲ್ಲ. ಅಂದರೆ ಸೆನ್ಸರ್ ಬದಲಾಯಿಸುವ ಸಲಹೆ ಅಲ್ಲೇ ಬಿದ್ದುಹೋಗಬೇಕಿತ್ತು.

ಈ ವ್ಯವಸ್ಥೆಗೆ ಟಿಪಿಎಂಎಸ್, ಅಂದರೆ ಟೈರ್ ಪ್ರೆಶರ್ ಮಾನಿಟರಿಂಗ್ ಸಿಸ್ಟಮ್, ಎಂದು ಹೆಸರು. ಅದರಲ್ಲಿ ಎರಡು ಜಾತಿ. ನಿಮ್ಮ ಕಾರಿನದ್ದು ಯಾವುದು ಎಂದು ತಿಳಿಯದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬೇಡಿ.

ಮೊದಲನೆಯದು ನೇರ ಪದ್ಧತಿ. ಪ್ರತಿ ಚಕ್ರದ ಒಳಗೆ, ಸಾಮಾನ್ಯವಾಗಿ ವಾಲ್ವ್‌ನ ಬುಡಕ್ಕೆ ಅಂಟಿಕೊಂಡ ಹಾಗೆ, ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದರಲ್ಲಿ ಸೆಲ್ ಇದೆ, ಒತ್ತಡ ಅಳೆಯುವ ಚಿಪ್ ಇದೆ, ರೇಡಿಯೋ ಇದೆ. ಚಕ್ರ ತಿರುಗಲು ಶುರುವಾದಾಗ ಎಚ್ಚರವಾಗಿ, ಒಳಗಿನ ಒತ್ತಡ ಎಷ್ಟು ಎಂದು ಕಾರಿನ ಕಂಪ್ಯೂಟರ್‌ಗೆ ಕಳಿಸುತ್ತದೆ. ಅಮೆರಿಕದಲ್ಲಿ ಈ ರೇಡಿಯೋ ಹೆಚ್ಚಾಗಿ 315 ಮೆಗಾಹರ್ಟ್ಸ್‌ನಲ್ಲಿ, ಯುರೋಪಿನಲ್ಲೂ ನಮ್ಮಲ್ಲೂ 433ರಲ್ಲಿ ಮಾತಾಡುತ್ತದೆ. ಅಮೆರಿಕದಿಂದ ಬರುವವರ ಕೈಲಿ ಸೆನ್ಸರ್ ತರಿಸಿಕೊಂಡು ದುಡ್ಡು ಉಳಿಸೋಣ ಎಂದುಕೊಂಡವರು ಇದನ್ನು ನೆನಪಿಡಿ. ಕಾರು ಕೇಳಿಸಿಕೊಳ್ಳುವ ಸ್ಟೇಷನ್ನೇ ಬೇರೆ ಇರಬಹುದು.

ಎರಡನೆಯದು ಪರೋಕ್ಷ ಪದ್ಧತಿ. ಇಲ್ಲಿ ಟೈರಿನೊಳಗೆ ಏನೂ ಇಲ್ಲ. ಜೋರಾಗಿ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಬ್ರೇಕ್‌ಗೆಂದು ಪ್ರತಿ ಚಕ್ರದ ವೇಗ ಅಳೆಯುವ ಸೆನ್ಸರ್ ಹೇಗೂ ಇರುತ್ತದೆ. ಗಾಳಿ ಇಳಿದ ಟೈರ್ ಸ್ವಲ್ಪ ಕುಗ್ಗುತ್ತದೆ. ಕುಗ್ಗಿದ ಚಕ್ರ ಅದೇ ದೂರಕ್ಕೆ ಕೊಂಚ ಜಾಸ್ತಿ ಸುತ್ತು ತಿರುಗಬೇಕು. ದೊಡ್ಡವರ ಜೊತೆ ಹೆಜ್ಜೆ ಹಾಕುವ ಮಗು ಪುಟಪುಟ ಓಡುವುದಿಲ್ಲವೇ, ಹಾಗೆ. ಈ ವ್ಯತ್ಯಾಸ ಹಿಡಿದು ಕಾರು ಊಹೆ ಮಾಡುತ್ತದೆ. ಒಳ್ಳೆಯ ಊಹೆ, ಆದರೆ ಊಹೆಯೇ.

ನಿಮ್ಮ ಕಾರಿನ ಮೀಟರ್‌ನಲ್ಲಿ ನಾಲ್ಕೂ ಚಕ್ರದ ಒತ್ತಡ ಬೇರೆಬೇರೆ ಅಂಕೆಯಲ್ಲಿ ಕಾಣುತ್ತದೆ ಎಂದರೆ ಅದು ನೇರ ಪದ್ಧತಿ. ಅಂಕೆ ಇಲ್ಲದೆ, ರೀಸೆಟ್ ಮಾಡುವ ಗುಂಡಿಯೋ ಮೆನುವೋ ಇದ್ದರೆ ಬಹುಮಟ್ಟಿಗೆ ಪರೋಕ್ಷ. ನನ್ನದು ಮಧ್ಯದ ಜಾತಿ. ಒಳಗೆ ಸೆನ್ಸರ್ ಇದೆ, ಆದರೆ ತೋರಿಸುವುದು ಬರೀ ದೀಪ. ಯಾವ ಚಕ್ರ ಎಂದೂ ಹೇಳುವುದಿಲ್ಲ. ಅನುಮಾನ ಬಂದರೆ ಕಾರಿನ ಜೊತೆ ಕೊಟ್ಟ ಪುಸ್ತಕ ನೋಡಿ. ಅದು ಗ್ಲವ್ ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಹಾಗೇ ಇರುತ್ತದೆ, ಅಲ್ವಾ?

ಪರೋಕ್ಷ ಪದ್ಧತಿಯ ಕಾರಿನಲ್ಲಿ ದೀಪ ಆರದಿರುವುದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ರೀಸೆಟ್ ಮಾಡದೇ ಇರುವುದು. ಗಾಳಿ ತುಂಬಿಸಿದಾಗ, ಟೈರ್ ಬದಲಾಯಿಸಿದಾಗ, ಮುಂದಿನದು ಹಿಂದೆ ಹಾಕಿದಾಗ, ‘ಇದೇ ಸರಿಯಾದ ಸ್ಥಿತಿ, ಇದನ್ನು ನೆನಪಿಟ್ಟುಕೋ’ ಎಂದು ಅದಕ್ಕೆ ಹೇಳಿಕೊಡಬೇಕು. ಆಮೇಲೆ ಕೆಲ ಹೊತ್ತು ಓಡಿಸಬೇಕು. ಆಗ ಅದು ಕಲಿಯುತ್ತದೆ. ಆದರೆ ಗಾಳಿ ಕಡಿಮೆ ಇರುವಾಗಲೇ ರೀಸೆಟ್ ಒತ್ತಿಬಿಟ್ಟರೆ ಆ ತಪ್ಪನ್ನೇ ಸರಿ ಎಂದು ಕಲಿತುಬಿಡುತ್ತದೆ. ದೀಪ ಆರುತ್ತದೆ, ಟೈರ್ ಮೆತ್ತಗೇ ಇರುತ್ತದೆ. ಕಪ್ಪು ಟೇಪಿಗೂ ಇದಕ್ಕೂ ವ್ಯತ್ಯಾಸ ಇಲ್ಲ.

ಒಂದೇ ಟೈರ್ ಹೊಸದು ಹಾಕಿಸಿದವರಿಗೂ ಈ ಕಾಟ ಬರುತ್ತದೆ. ಹೊಸ ಟೈರಿನ ಹಲ್ಲು ಸುಮಾರು 8 ಮಿಲಿಮೀಟರ್ ಆಳ, ಸವೆದದ್ದು 3 ಎಂದುಕೊಳ್ಳಿ. ವ್ಯಾಸದಲ್ಲಿ 10 ಮಿಲಿಮೀಟರ್ ವ್ಯತ್ಯಾಸ. 60 ಸೆಂಟಿಮೀಟರ್ ವ್ಯಾಸದ ಚಕ್ರಕ್ಕೆ ಅದು ಶೇಕಡ ಒಂದೂವರೆಗಿಂತ ಜಾಸ್ತಿ. ಕಂಪ್ಯೂಟರ್ ಕಣ್ಣಿಟ್ಟು ಹುಡುಕುತ್ತಿರುವುದೇ ಇಂಥ ಪುಟ್ಟ ವ್ಯತ್ಯಾಸವನ್ನು. ಪಾಪ, ಅದಕ್ಕೆ ಹೊಸ ಟೈರ್ ಯಾವುದು, ಗಾಳಿ ಇಳಿದ ಟೈರ್ ಯಾವುದು ಎಂದು ಹೇಗೆ ಗೊತ್ತಾಗಬೇಕು?

ಇನ್ನು ಅಂಕೆಗಳ ವಿಷಯ. ಇಲ್ಲಿ ನಾವೆಲ್ಲ ಮೋಸ ಹೋಗುವುದು ಜಾಸ್ತಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎಷ್ಟು ಗಾಳಿ ಬೇಕು ಎನ್ನುವುದು ಟೈರಿನ ಮೇಲೆ ಬರೆದಿರುವುದಿಲ್ಲ. ಟೈರಿನ ಬದಿಯಲ್ಲಿ ಇರುವ ಅಂಕೆ ಅದು ತಡೆಯಬಲ್ಲ ಗರಿಷ್ಠ ಒತ್ತಡ. ನಿಮ್ಮ ಕಾರಿಗೆ ಬೇಕಾದದ್ದು ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ಇಬ್ಬರೇ ಓಡಾಡುವಾಗ ಒಂದು, ಐದು ಜನ ಲಗೇಜ್ ಸಮೇತ ಹೊರಟಾಗ ಇನ್ನೊಂದು, ಹೀಗೆ ಎರಡು ಅಂಕೆ ಇರಬಹುದು. ನನ್ನ ಕಾರಿಗೆ 33 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎನ್ನುವ ಒತ್ತಡದ ಅಳತೆ). ಬಾರ್ ಲೆಕ್ಕದಲ್ಲಿ ಸುಮಾರು 2.3, ಕಿಲೋಪಾಸ್ಕಲ್‌ನಲ್ಲಿ 230.

ಈ ಅಂಕೆ ತಣ್ಣಗಿನ ಟೈರಿಗೆ. ಗಾಡಿ ಕನಿಷ್ಠ ಮೂರು ಗಂಟೆ ನಿಂತಿರಬೇಕು. ನಾವು ಗಾಳಿ ತುಂಬಿಸುವುದು ಯಾವಾಗ? ಆಫೀಸಿನಿಂದ ಬರುತ್ತಾ, ಔಟರ್ ರಿಂಗ್ ರೋಡ್‌ನಲ್ಲಿ ಒಂದು ಗಂಟೆ ಬೆಂದು, ದಾರಿಯಲ್ಲಿ ಸಿಕ್ಕ ಬಂಕ್‌ನಲ್ಲಿ. ಆಗ ಟೈರಿನೊಳಗಿನ ಗಾಳಿ 50 ಡಿಗ್ರಿ ಇದೆ ಎಂದುಕೊಳ್ಳಿ. ಹುಡುಗ ಮೆಷಿನ್‌ನಲ್ಲಿ 33 ಒತ್ತುತ್ತಾನೆ, ಟಿಂಗ್ ಎನ್ನುತ್ತದೆ, ನಾವು ಹೊರಡುತ್ತೇವೆ. ಮರುದಿನ ಬೆಳಿಗ್ಗೆ ಆರಕ್ಕೆ ಬೆಂಗಳೂರಿನ ಡಿಸೆಂಬರ್ ಚಳಿ, 16 ಡಿಗ್ರಿ. ಅದೇ ಗಾಳಿ, ಒಂದು ಹನಿಯೂ ಸೋರಿಲ್ಲ. ಒತ್ತಡ ಅಳೆಯುವ ಗೇಜ್ ಹಿಡಿದರೆ 28ರ ಆಸುಪಾಸು! ಬಿಸಿಯಾದಾಗ ಗಾಳಿ ಒತ್ತುತ್ತದೆ, ತಣ್ಣಗಾದಾಗ ಸಡಿಲವಾಗುತ್ತದೆ. ಕಾರಿನ ಟೈರಿಗೆ ಹತ್ತು ಡಿಗ್ರಿಗೆ ಒಂದೂವರೆ ಪಿಎಸ್‌ಐ ಎಂದು ಇಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಹಾಗಾಗಿ ಚಳಿಗಾಲದ ಬೆಳಿಗ್ಗೆ ಹತ್ತಿ, ಹತ್ತು ಕಿಲೋಮೀಟರ್ ಓಡಿದ ಮೇಲೆ ತಾನೇ ಆರುವ ದೀಪ ಭೂತವಲ್ಲ, ಸೆನ್ಸರ್ ಕೆಟ್ಟದ್ದೂ ಅಲ್ಲ. ಟೈರುಗಳು ಅಂಚಿನಲ್ಲಿವೆ ಎಂದು ಅರ್ಥ. ಬೆಳಿಗ್ಗೆ ತಣ್ಣಗಿದ್ದಾಗ ಗಡಿಯ ಕೆಳಗೆ, ಓಡಿ ಬಿಸಿಯಾದಾಗ ಗಡಿಯ ಮೇಲೆ. ‘ತಾನೇ ಸರಿಯಾಯ್ತು’ ಎಂದು ಬಿಡುವವರೇ ಹೆಚ್ಚು. ಸರಿಯಾಗಿರುವುದಿಲ್ಲ.

ಆ ಗಡಿ ಎಲ್ಲಿದೆ ಎನ್ನುವುದೂ ತಿಳಿದಿರಲಿ. 2000ಕ್ಕೆ ಮುಂಚಿನ ಕೆಲ ವರ್ಷಗಳಲ್ಲಿ ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳು ಓಡುವಾಗಲೇ ಸುಲಿದು, ಗಾಡಿ ಪಲ್ಟಿಯಾಗಿ ಬಹಳ ಜನ ಸತ್ತರು. 2000ದಲ್ಲಿ ಲಕ್ಷಗಟ್ಟಲೆ ಟೈರುಗಳನ್ನು ವಾಪಸ್ ಪಡೆಯಬೇಕಾಯಿತು. ಅದೇ ವರ್ಷ ಅಲ್ಲಿ ಟ್ರೆಡ್ ಎಂಬ ಕಾನೂನು ಬಂತು. ಅದರ ಫಲವಾಗಿ 2008ರ ಮಾಡೆಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಈ ದೀಪ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೆ. ಅಮೆರಿಕದ ನಿಯಮದಲ್ಲಿ ದೀಪ ಹತ್ತಬೇಕಾದದ್ದು ಒತ್ತಡ ಚೀಟಿಯ ಅಂಕೆಗಿಂತ ಕಾಲು ಭಾಗ ಇಳಿದಾಗ. 33ಕ್ಕೆ ಲೆಕ್ಕ ಹಾಕಿದರೆ 25ರ ಹತ್ತಿರ! ಬೇರೆ ಕಡೆ, ಬೇರೆ ಕಂಪನಿಗಳಲ್ಲಿ ಗಡಿ ಇದಕ್ಕಿಂತ ಮೇಲಿರಬಹುದು. ಆದರೂ ಒಂದಂತೂ ನಿಜ. ದೀಪ ಹತ್ತಿಲ್ಲ ಎಂದರೆ ಗಾಳಿ ಸರಿ ಇದೆ ಎಂದಲ್ಲ, ತೀರಾ ಕೆಟ್ಟಿಲ್ಲ ಎಂದಷ್ಟೇ. 28ರಲ್ಲಿ ತಿಂಗಳುಗಟ್ಟಲೆ ಓಡಿಸಿ, ದೀಪ ಬರಲಿಲ್ಲವಲ್ಲ ಎಂದು ನೆಮ್ಮದಿಯಿಂದಿರುವ ಕಾರುಗಳು ನಮ್ಮ ಅಪಾರ್ಟ್‌ಮೆಂಟ್‌ನಲ್ಲೇ ನಾಲ್ಕಾರು ಇವೆ.

ಇನ್ನೊಂದು ಸೂಕ್ಷ್ಮ ಇದೆ. ಹತ್ತುವ ಗಡಿ ಮತ್ತು ಆರುವ ಗಡಿ ಒಂದೇ ಅಲ್ಲ. ಒಂದೇ ಆಗಿದ್ದರೆ ದೀಪ ಪ್ರತಿ ಹಳ್ಳಕ್ಕೂ ಹತ್ತಿ ಆರಿ ಮಾಡುತ್ತಿತ್ತು. ಆದ್ದರಿಂದ 26ಕ್ಕೆ ಹತ್ತಿದ ದೀಪ 28ಕ್ಕೆ ಆರುವುದಿಲ್ಲ. ಚೀಟಿಯ ಅಂಕೆಯ ಹತ್ತಿರಕ್ಕೆ ಬರಬೇಕು. ಜೊತೆಗೆ, ನಿಂತ ಗಾಡಿಯಲ್ಲಿ ಸೆನ್ಸರ್ ನಿದ್ದೆಯಲ್ಲಿರುತ್ತದೆ, ಸೆಲ್ ಉಳಿಸಲು. ಗಾಳಿ ತುಂಬಿಸಿ ಬಂಕ್‌ನಲ್ಲೇ ದೀಪ ನೋಡಿ, ‘ಆರಲಿಲ್ಲ, ಇನ್ನೂ ಹೊಡಿಯಪ್ಪ’ ಎಂದು 40ಕ್ಕೆ ಏರಿಸಿಕೊಂಡವರಿದ್ದಾರೆ. ಹಾಗೆ ಮಾಡಬೇಡಿ. ಕೆಲ ಕಿಲೋಮೀಟರ್ ಓಡಿಸಿ, ಆಮೇಲೆ ನೋಡಿ.

ನಮ್ಮ ಕಡೆಯವರಿಗೆ ಒಂದು ಘಟ್ಟದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಗೇಜ್ ತೋರಿಸುವುದು ಒಳಗಿನದಕ್ಕೂ ಹೊರಗಿನದಕ್ಕೂ ಇರುವ ವ್ಯತ್ಯಾಸ. ಇಲ್ಲಿ 33 ತುಂಬಿಸಿ, ಶಿರಾಡಿ ಇಳಿದು, ಮಂಗಳೂರಿನಲ್ಲಿ ಅದೇ ಗೇಜ್ ಹಿಡಿದರೆ ಬಿಸಿಲಿನ ಲೆಕ್ಕ ಬಿಟ್ಟು ಒಂದೂವರೆಯಷ್ಟು ಕಡಿಮೆ ಕಾಣುತ್ತದೆ. ಗಾಳಿ ಎಲ್ಲೂ ಹೋಗಿಲ್ಲ. ಕರಾವಳಿಯ ಸೆಕೆ ಅದರಲ್ಲಿ ಸ್ವಲ್ಪವನ್ನು ಮತ್ತೆ ತುಂಬಿಕೊಡುತ್ತದೆ ಎನ್ನಿ. ಹಾಗಂತ ಘಟ್ಟ ಇಳಿದು ಐದು ಪಿಎಸ್‌ಐ ಕಡಿಮೆಯಾಗಿದ್ದರೆ ಅದಕ್ಕೆ ಶಿರಾಡಿಯನ್ನು ದೂರುವಂತಿಲ್ಲ. ಅಲ್ಲಿನ ಹೊಂಡಗಳನ್ನು ದೂರಬಹುದು.

ಇಷ್ಟೆಲ್ಲ ಅಂಕೆ ಹೇಳಿದ ಮೇಲೆ ಗೇಜ್ ಬಗ್ಗೆ ಹೇಳಲೇಬೇಕು. ನಿಮ್ಮದೇ ಒಂದು ಗೇಜ್ ಇಟ್ಟುಕೊಳ್ಳಿ. ಬಂಕ್‌ನ ಮೆಷಿನ್ ದಿನಕ್ಕೆ ನೂರಾರು ಗಾಡಿಗೆ ಹೊಡೆದು ಹೊಡೆದು, ಪೈಪ್ ಎಳೆದಾಡಿ, ಬಿಸಿಲಲ್ಲಿ ನಿಂತು ಸುಸ್ತಾಗಿರುತ್ತದೆ. ನಾನು ಹೋಗುವ ಎರಡು ಬಂಕ್‌ಗಳ ನಡುವೆ ಮೂರು ಪಿಎಸ್‌ಐ ವ್ಯತ್ಯಾಸ ಇತ್ತು. ಯಾವುದು ಸರಿ ಎನ್ನುವುದಕ್ಕಿಂತ, ಪ್ರತಿ ಸಲವೂ ಒಂದೇ ಗೇಜ್‌ನಿಂದ ಅಳೆಯುವುದು ಮುಖ್ಯ. ನೈಟ್ರೋಜನ್ ಹಾಕಿಸಿದರೆ ಈ ಗೋಳೆಲ್ಲ ಇರುವುದಿಲ್ಲ ಎನ್ನುತ್ತಾರೆ. ಸಾಮಾನ್ಯ ಗಾಳಿಯಲ್ಲೇ ಶೇಕಡ 78 ನೈಟ್ರೋಜನ್ ಇದೆ. ಚಳಿಗೆ ಕುಗ್ಗುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ದುಡ್ಡಿದ್ದರೆ ಹಾಕಿಸಿ, ಬೇಡ ಎನ್ನುವುದಿಲ್ಲ. ದೀಪಕ್ಕೆ ಅದು ಮದ್ದಲ್ಲ.

ನನ್ನ ಎಂಟು ದಿನದ ದೀಪಕ್ಕೆ ಬರೋಣ.

ದೀಪ ಮಿನುಗುತ್ತಿಲ್ಲ. ಅಂದರೆ ಗಾಳಿ ನಿಜವಾಗಿಯೂ ಕಡಿಮೆ. ಓಡಿದ ಮೇಲೂ ಆರುತ್ತಿಲ್ಲ. ಅಂದರೆ ಬರೀ ಚಳಿಯಲ್ಲ. ಗಾಳಿ ತುಂಬಿಸಿದರೆ ಆರಿ, ಎಂಟು ದಿನಕ್ಕೆ ಬರುತ್ತದೆ. ಅಂದರೆ ಯಾವುದೋ ಒಂದು ಟೈರ್ ನಿಧಾನವಾಗಿ ಸೋರುತ್ತಿದೆ. ಒಳ್ಳೆಯ ಟೈರ್ ಕೂಡ ರಬ್ಬರ್ ಮೂಲಕ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ. ಆದರೆ ಎಂಟು ದಿನಕ್ಕೆ ದೀಪ ಹತ್ತುವಷ್ಟು ಅಲ್ಲ.

ಯಾವ ಟೈರ್? ಒಂದು ಭಾನುವಾರ ಬೆಳಿಗ್ಗೆ ನಾಲ್ಕಕ್ಕೂ ಸರಿಯಾಗಿ 33 ಮಾಡಿ, ನಾಲ್ಕು ದಿನ ಬಿಟ್ಟು, ಅದೇ ಹೊತ್ತಿಗೆ, ಅದೇ ಗೇಜ್‌ನಿಂದ ಅಳೆದೆ. ಮೂರು ಚಕ್ರ 32.5. ಮುಂದಿನ ಎಡಗಡೆಯದು 30. ಕಳ್ಳ ಸಿಕ್ಕಿದ. ಇಲ್ಲಿ ನೋಡಬೇಕಾದದ್ದು ಒಂದೊಂದರ ಅಂಕೆಯನ್ನಲ್ಲ, ಒಂದಕ್ಕೊಂದರ ವ್ಯತ್ಯಾಸವನ್ನು. ನಾಲ್ಕೂ ಒಟ್ಟಿಗೆ ಇಳಿದರೆ ಹವೆಯೋ ಕಾಲವೋ ಕಾರಣ. ಒಂದೇ ಇಳಿದರೆ ಸೋರಿಕೆ. ಹತ್ತು ನಿಮಿಷದ ಕೆಲಸ. ಎರಡು ತಿಂಗಳಲ್ಲಿ ನಾನೂ ಮಾಡಿರಲಿಲ್ಲ, ಬೇರೆ ಯಾರೂ ಹೇಳಿರಲಿಲ್ಲ.

ಹಾಗಿದ್ದರೆ ನೀರಿನ ತೊಟ್ಟಿಯಲ್ಲಿ ಯಾಕೆ ಕಾಣಲಿಲ್ಲ? ಇದಕ್ಕೂ ಲೆಕ್ಕ ಇದೆ. ಸಾಧಾರಣ ಕಾರಿನ ಟೈರಿನೊಳಗೆ 30 ಲೀಟರ್ ಆಸುಪಾಸು ಜಾಗ. ಒತ್ತಡ 5 ಪಿಎಸ್‌ಐ ಇಳಿಯಬೇಕಾದರೆ ಸುಮಾರು 10 ಲೀಟರ್ ಗಾಳಿ ಹೊರಗೆ ಬರಬೇಕು. ಕೇಳಲು ಜಾಸ್ತಿ ಅನಿಸುತ್ತದೆ. ಅದನ್ನು ಎಂಟು ದಿನಕ್ಕೆ ಹಂಚಿ ನೋಡಿ. ನಿಮಿಷಕ್ಕೆ ಒಂದು ಮಿಲಿಲೀಟರ್ ಕೂಡ ಇಲ್ಲ. ಅಂದರೆ ನಾಲ್ಕೈದು ಸೆಕೆಂಡಿಗೆ ಒಂದು ಪುಟ್ಟ ಗುಳ್ಳೆ. ತೊಟ್ಟಿಯಲ್ಲಿ ಚಕ್ರವನ್ನು ಗಿರಗಿರ ತಿರುಗಿಸುವವನಿಗೆ ಅದು ಎಲ್ಲಿ ಕಾಣಬೇಕು? ಟೈರಿನ ಜೊತೆಯೇ ನೂರು ಗುಳ್ಳೆ ಏಳುತ್ತಿರುತ್ತವೆ. ಅವನು ಹುಡುಕುತ್ತಿದ್ದದ್ದು ಮೊಳೆಯನ್ನು. ಮೊಳೆ ಇರಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ.

ನಿಧಾನ ಸೋರಿಕೆಗೆ ಸೋಪಿನ ನೀರೇ ಸರಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ, ಅರ್ಧ ಮಗ್ ನೀರು, ಹಳೆಯ ಬ್ರಷ್ ಒಂದು. ಮೊದಲು ವಾಲ್ವ್‌ನ ಬಾಯಿ. ಇದಕ್ಕೆ ಹಳೆಯ ಪಂಕ್ಚರ್ ಮೇಸ್ತ್ರಿಗಳು ಸೋಪು ಹುಡುಕುವುದಿಲ್ಲ. ಬೆರಳಿಗೆ ಎಂಜಲು ಮಾಡಿಕೊಂಡು ವಾಲ್ವ್‌ನ ಬಾಯಿಗೆ ಹಚ್ಚಿ, ಉಬ್ಬುತ್ತದೆಯೇ ನೋಡುತ್ತಾರೆ. ಉಬ್ಬಿದರೆ ಒಳಗಿನ ಪಿನ್ ಸಡಿಲ ಅಥವಾ ಹಾಳು. ಬಿಗಿ ಮಾಡಿದರೆ, ಇಲ್ಲವೇ ಹೊಸದು ಹಾಕಿದರೆ ಮುಗಿಯಿತು. ಇಡೀ ಕಾರಿನಲ್ಲಿ ಇಷ್ಟು ಅಗ್ಗದ ರಿಪೇರಿ ಇನ್ನೊಂದಿಲ್ಲ. ಸೆನ್ಸರ್ ಇರುವ ಲೋಹದ ವಾಲ್ವ್ ಆದರೆ ಪಿನ್‌ಗೆ ನಿಕಲ್ ಲೇಪನ ಇರಬೇಕು. ಸಾದಾ ಹಿತ್ತಾಳೆಯದು ಅಲ್ಯೂಮಿನಿಯಂ ಜೊತೆ ಸೇರಿ ಕಿಲುಬು ಹಿಡಿದು ಒಳಗೇ ಕಚ್ಚಿಕೊಳ್ಳುತ್ತದೆ. ಅಂದಕ್ಕೆಂದು ಹಾಕುವ ಲೋಹದ ಮುಚ್ಚಳಗಳದ್ದೂ ಇದೇ ಕಥೆ. ಪ್ಲಾಸ್ಟಿಕ್ ಮುಚ್ಚಳವೇ ಒಳ್ಳೆಯದು.

ಆಮೇಲೆ ವಾಲ್ವ್‌ನ ಬುಡ. ರಬ್ಬರ್ ವಾಲ್ವ್ ಆದರೆ ಬೆರಳಿನಿಂದ ಸ್ವಲ್ಪ ಬಗ್ಗಿಸಿ ನೋಡಬೇಕು. ಬಿಸಿಲಿಗೆ ಬಿರುಕು ಬಿಟ್ಟ ರಬ್ಬರ್ ಬಗ್ಗಿಸಿದಾಗಲೇ ಬಾಯಿ ತೆಗೆಯುವುದು. ಆಮೇಲೆ ಟೈರಿನ ಮೈ, ಮುಖ್ಯವಾಗಿ ಹಿಂದೆ ಪಂಕ್ಚರ್ ಹಾಕಿಸಿದ ಜಾಗ. ಹೊರಗಿನಿಂದ ತುರುಕಿದ ಸ್ಟ್ರಿಪ್ ಕೆಲ ತಿಂಗಳ ಮೇಲೆ ಸೋರಲು ಶುರುಮಾಡುವುದು ಅಪರೂಪವಲ್ಲ. ಟೈರ್ ಕಳಚಿ ಒಳಗಿನಿಂದ ಹಾಕುವ ಮಶ್ರೂಮ್ ಪ್ಯಾಚ್ ಬಾಳಿಕೆ ಬರುತ್ತದೆ. ಎಲ್ಲಾದರೂ ಸ್ಕ್ರೂ ಕಂಡರೆ ಮನೆಯಲ್ಲೇ ಕಿತ್ತುಬಿಡಬೇಡಿ. ಎಷ್ಟೋ ಸಲ ತೂತಿಗೆ ಅದೇ ಬಿರಡೆ.

ನನ್ನ ಚಕ್ರದಲ್ಲಿ ಇದ್ಯಾವುದೂ ಸಿಗಲಿಲ್ಲ. ಹೊರಗಡೆ ರಿಮ್‌ಗೂ ಟೈರಿಗೂ ನಡುವಿನ ಸಂದಿಯೂ ಚೆನ್ನಾಗಿತ್ತು. ಬೇರೆ ಪಂಕ್ಚರ್ ಅಂಗಡಿಗೆ ಹೋದೆ. ವಯಸ್ಸಾದವರು. ನನ್ನ ಅಂಕೆಗಳ ಚೀಟಿ ನೋಡಿ ನಕ್ಕರು. “ಎಡಗಡೆ ಮುಂದಿಂದಾ? ಹಾಗಾದ್ರೆ ಒಳಗಡೆ ನೋಡಣ ಬನ್ನಿ” ಎಂದರು. ಚಕ್ರ ಬಿಚ್ಚಿ, ಒಳಮುಖ ಮೇಲೆ ಬರುವಂತೆ ನೆಲದ ಮೇಲೆ ಮಲಗಿಸಿದರು. ರಿಮ್ ಮತ್ತು ಟೈರ್ ಸೇರುವ ಸಂದಿಯ ಸುತ್ತ ಸೋಪಿನ ನೀರು ಹೊಯ್ದರು. ಆಮೇಲೆ ಬೀಡಿ ಹಚ್ಚಿಕೊಂಡು ಕೂತರು. ಕೂತದ್ದೇ ಮುಖ್ಯ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಕಡೆ, ಹಾಲು ಉಕ್ಕುವ ಮೊದಲು ಅಂಚಿನಲ್ಲಿ ಕಟ್ಟುತ್ತದಲ್ಲ, ಅಂಥ ಸಣ್ಣ ಬಿಳಿ ನೊರೆ.

ಬೆರಳಾಡಿಸಿದರೆ ರಿಮ್‌ನ ಅಂಚು ಅಲ್ಲಿ ಒಂದಿಷ್ಟು ಒಳಗೆ ಬಗ್ಗಿತ್ತು. ಯಾವುದೋ ಹೊಂಡದ ಕೊಡುಗೆ. ನಮ್ಮ ರಸ್ತೆಗಳಲ್ಲಿ ಅಂಚು ಕಿತ್ತುಹೋಗುವುದು ಎಡಬದಿಯಲ್ಲೇ ಜಾಸ್ತಿ. ಹೊಂಡಕ್ಕೆ ಮೊದಲು ಬೀಳುವುದು ಮುಂದಿನ ಎಡ ಚಕ್ರ. ಒಳಗಿನ ಅಂಚು ಬಗ್ಗಿದರೆ ಹೊರಗೆ ನಿಂತು ನೋಡುವವರಿಗೆ ಅಲಾಯ್ ಚಕ್ರ ಫಳಫಳ ಹೊಳೆಯುತ್ತಲೇ ಇರುತ್ತದೆ. ಅದಕ್ಕೇ ಅವರು ನಕ್ಕಿದ್ದು. ಟೈರ್ ಕಳಚಿ, ರಿಮ್ ಸರಿಮಾಡಿಸಿ, ಟೈರ್ ಕೂರುವ ಜಾಗವನ್ನು ಉಜ್ಜಿ ಶುಚಿ ಮಾಡಿ, ಸೀಲ್ ಮಾಡುವ ಅಂಟು ಹಚ್ಚಿ ಮತ್ತೆ ಕೂರಿಸಿದರು. ಒಟ್ಟು ಖರ್ಚು ಒಂದು ಸೆನ್ಸರ್‌ನ ಬೆಲೆಗಿಂತ ಕಡಿಮೆ. ಸಣ್ಣ ಬಾಗು ಆದರೆ ಹೀಗೆ ಸರಿಮಾಡಿಸಬಹುದು. ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ನಾನಂತೂ ಆ ಚಕ್ರದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೈವೇಗೆ ಹೋಗುವುದಿಲ್ಲ.

ಟೈರ್ ಕಳಚುವಾಗ ಒಂದು ಮಾತು ಮರೆಯಬೇಡಿ: “ಒಳಗೆ ಸೆನ್ಸರ್ ಇದೆ” ಎಂದು ಮೊದಲೇ ಹೇಳಿ. ವಾಲ್ವ್ ಇರುವ ಕಡೆ ಮೆಷಿನ್‌ನ ಕೈ ಒತ್ತಿದರೆ ಸೆನ್ಸರ್ ಪುಡಿ. ಟೈರ್ ಬದಲಾಯಿಸಿದ ಮರುದಿನವೇ ದೀಪ ಮಿನುಗಲು ಶುರುವಾದರೆ ಮೊದಲ ಅನುಮಾನ ಇಲ್ಲೇ.

ಮಿನುಗುವ ದೀಪದವರಿಗೂ ಸ್ವಲ್ಪ ಹೇಳಬೇಕು. ಸೆನ್ಸರ್‌ನ ಸೆಲ್‌ಗೆ ಐದರಿಂದ ಹತ್ತು ವರ್ಷ ಆಯಸ್ಸು. ಅದನ್ನು ಗೋಡೆ ಗಡಿಯಾರದ ಸೆಲ್ ಹಾಗೆ ಬದಲಾಯಿಸಲು ಬರುವುದಿಲ್ಲ. ಅಂಟಿನೊಳಗೆ ಹೂತು ಸೀಲ್ ಮಾಡಿರುತ್ತಾರೆ. ಸೆಲ್ ಮುಗಿದರೆ ಸೆನ್ಸರ್ ಮುಗಿದಂತೆ. ಸಾಯುವ ಮುಂಚೆ ಅದು ಸೂಚನೆ ಕೊಡುವುದುಂಟು. ಚಳಿ ಬೆಳಿಗ್ಗೆ ಮಿನುಗುತ್ತದೆ, ಮಧ್ಯಾಹ್ನ ಸರಿ ಇರುತ್ತದೆ. ತಣ್ಣಗಾದ ಹಳೆಯ ಸೆಲ್‌ಗೆ ಕೂಗುವ ಶಕ್ತಿ ಇರುವುದಿಲ್ಲ.

ಹಾಗಿದ್ದರೂ ನಾಲ್ಕನ್ನೂ ಬದಲಾಯಿಸಿ ಎಂದ ಕೂಡಲೇ ತಲೆಯಾಡಿಸಬೇಡಿ. ಕೈಯಲ್ಲಿ ಹಿಡಿಯುವ ಒಂದು ಉಪಕರಣ ಇದೆ. ಅದನ್ನು ವಾಲ್ವ್ ಹತ್ತಿರ ಹಿಡಿದು ಗುಂಡಿ ಒತ್ತಿದರೆ, ಸೆನ್ಸರ್ ನಿದ್ದೆಯಿಂದ ಎದ್ದು ತನ್ನ ನಂಬರ್, ಒತ್ತಡ, ಉಷ್ಣತೆ ಹೇಳುತ್ತದೆ. ಹಲವು ಸೆನ್ಸರ್‌ಗಳು ಸೆಲ್‌ನ ಸ್ಥಿತಿಯನ್ನೂ ಹೇಳುತ್ತವೆ. “ಯಾವುದು ಉತ್ತರ ಕೊಡ್ತಿಲ್ಲ, ನನ್ನೆದುರಿಗೆ ತೋರಿಸಿ” ಎನ್ನಿ. ಮೂರು ಮಾತಾಡಿ ಒಂದು ಸುಮ್ಮನಿದ್ದರೆ ಆ ಒಂದೇ ಸತ್ತದ್ದು. ಗಾಡಿಗೆ ಎಂಟು ವರ್ಷ ಆಗಿ ಒಂದು ಸತ್ತಿದ್ದರೆ ಮಾತ್ರ ಉಳಿದವೂ ಸಾಲಿನಲ್ಲಿ ನಿಂತಿವೆ ಎಂದು ತಿಳಿಯಿರಿ. ಆಗ ಮುಂದಿನ ಸಲ ಟೈರ್ ಬದಲಾಯಿಸುವಾಗ ಒಟ್ಟಿಗೆ ಹಾಕಿಸುವುದು ಲಾಭ. ಟೈರ್ ಹೇಗೂ ಕಳಚಿರುತ್ತದೆ.

ಹೊಸ ಸೆನ್ಸರ್ ಹಾಕಿದರೆ ಸಾಲದು. ಪ್ರತಿಯೊಂದಕ್ಕೂ ಬೇರೆ ನಂಬರ್ ಇದೆ. ಆ ನಂಬರನ್ನು ಕಾರಿಗೆ ಪರಿಚಯ ಮಾಡಿಸಬೇಕು. ಕೆಲವು ಕಾರು ಓಡುತ್ತಾ ತಾವೇ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರ್ ಹಾಕಬೇಕು. ಚಂದಕ್ಕೆಂದು ಹೊರಗಡೆ ಬೇರೆ ಅಲಾಯ್ ಹಾಕಿಸಿ, ಹಳೆಯ ಸೆನ್ಸರ್‌ಗಳನ್ನು ಹಳೆಯ ಚಕ್ರದಲ್ಲೇ ಬಿಟ್ಟು ಬಂದವರ ಕಾರು ಸಹಜವಾಗಿಯೇ ಮಿನುಗುತ್ತದೆ. ಪಂಕ್ಚರ್ ಆಗಬಾರದೆಂದು ತುಂಬಿಸುವ ಲಿಕ್ವಿಡ್ ಸೆನ್ಸರ್‌ನ ಉಸಿರಾಟದ ತೂತನ್ನು ಮುಚ್ಚಬಹುದು. ಅಗ್ಗದ ಮೊಬೈಲ್ ಚಾರ್ಜರ್, ಡ್ಯಾಶ್‌ಕ್ಯಾಮ್‌ಗಳು ರೇಡಿಯೋ ಗದ್ದಲ ಎಬ್ಬಿಸುವುದೂ ಉಂಟು. ಒಂದು ದಿನ ಎಲ್ಲ ಕಿತ್ತು ಓಡಿಸಿ ನೋಡಲು ಖರ್ಚೇನಿಲ್ಲವಲ್ಲ. ಪರೋಕ್ಷ ಪದ್ಧತಿಯ ಕಾರಿನಲ್ಲಿ ಟೈರ್ ದೀಪದ ಜೊತೆ ಎಬಿಎಸ್ ದೀಪವೂ ಬಂದರೆ ಟೈರಿನ ಚಿಂತೆ ಬಿಡಿ, ಚಕ್ರದ ವೇಗದ ಸೆನ್ಸರ್ ನೋಡಿಸಿ. ಅದು ಬ್ರೇಕಿನ ವಿಷಯ, ಮುಂದೂಡಬೇಡಿ.

ಮತ್ತೆ, ಓಡುವಾಗ ದೀಪ ಹಠಾತ್ತನೆ ಹತ್ತಿ, ಸ್ಟೀರಿಂಗ್ ಒಂದು ಕಡೆ ಎಳೆದರೆ ಈ ಲೇಖನದ ಯಾವ ಲೆಕ್ಕವೂ ಬೇಡ. ಜೋರಾಗಿ ಬ್ರೇಕ್ ಒತ್ತದೆ ವೇಗ ಇಳಿಸಿ, ಬದಿಗೆ ನಿಲ್ಲಿಸಿ. ಗಾಳಿ ಇಳಿದ ಟೈರ್ ವೇಗದಲ್ಲಿ ಮತ್ತೆ ಮತ್ತೆ ಮಡಿಸಿ ಬಿಚ್ಚಿ ಬಿಸಿಯಾಗುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ‘ಮುಂದಿನ ಊರಿನಲ್ಲಿ ನೋಡೋಣ’ ಎನ್ನುವ ಹೊತ್ತಿಗೆ ಅದು ಸಿಡಿಯಬಹುದು.

ರಿಮ್ ಸರಿಯಾಗಿ ಮೂರು ವಾರ ಆಗಿದೆ. ನಾಲ್ಕೂ ಚಕ್ರ ಅರ್ಧ ಪಿಎಸ್‌ಐ ಒಳಗೇ ಜೊತೆಯಾಗಿ ಇಳಿಯುತ್ತಿವೆ. ದೀಪ ಬಂದಿಲ್ಲ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಾಯಿಸಿ, ಟಿಪಿಎಂಎಸ್ ಮತ್ತು ಪಂಕ್ಚರ್ ಕಿಟ್ ಇರುವ ಕಾರಿನಲ್ಲಿ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತದೆ ಎಂದಿತು. ನನ್ನ ಕಾರಿನಲ್ಲಿ ಸ್ಟೆಪ್ನಿ ಇದೆ, ಅದೇ ಧೈರ್ಯ ಎಂದುಕೊಂಡಿದ್ದೆ. ಮೊನ್ನೆ ಗೇಜ್ ಕೈಯಲ್ಲೇ ಇತ್ತು, ಡಿಕ್ಕಿ ತೆಗೆದು ಅದಕ್ಕೂ ಹಿಡಿದೆ. 14. ಆ ಚಕ್ರದಲ್ಲಿ ಸೆನ್ಸರ್ ಇಲ್ಲ.